ಎಂಕೆ ಶಿಫ್ಟಿನಲ್ಲಿದ್ದಾನೆ

ಹೊಸದಾಗಿ ಕೆಲಸಕ್ಕೆ ಸೇರಿದವರ ಉತ್ಸಾಹಕ್ಕೆ ಕಡಿವಾಣ ಹಾಕುವವರು ಯಾರು? ಶ್ರುತಿಗಂತೂ ಯಾರೂ ಹಾಕಲಿಲ್ಲ. ಶ್ರೀನಿವಾಸಪುರದಲ್ಲಿ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು, ಅಲ್ಲಿಂದ ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ ಬರುತ್ತಿದ್ದ ಈ ಹುಡುಗಿ, ಗಾಡಿಗಳಿಗೆ ಪ್ಲಾಸ್ಟಿಕ್ ಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಟ್ರೈನಿ. ಸೇರಿ ತಿಂಗಳು ತುಂಬಿರಲಿಲ್ಲ, ಆಫೀಸಿನಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ಕೆಲಸವೊಂದನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡಳು.

ಕೆಲಸ ಟಿಪ್ಪಣಿಗಳದು. ಒಂದು ಶಿಫ್ಟಿನವರು ಮನೆಗೆ ಹೊರಡುವಾಗ ಮುಂದಿನ ಶಿಫ್ಟಿನವರಿಗಾಗಿ ಲೈನಿನ ಟ್ಯಾಬಿನಲ್ಲಿ ನಾಲ್ಕು ಸಾಲು ಬರೆದಿಡಬೇಕು. ಯಾವ ಮೆಷಿನು ತೊಂದರೆ ಕೊಡುತ್ತಿದೆ, ಯಾವ ಅಚ್ಚು ಬದಲಾಗಬೇಕು, ಅಂಥದ್ದೆಲ್ಲ. ಬರೆಯುವವರಿಗೋ ಬಸ್ಸು ತಪ್ಪೀತೆಂಬ ಅವಸರ. ಹಾಗಾಗಿ ಎಲ್ಲವೂ ಮೊಟಕು. ‘ಮು.ಹೇ.’ ಅಂದರೆ ಮುಂದಿನವರಿಗೆ ಹೇಳಿ. ‘ಹೀ.ಕೈ.’ ಅಂದರೆ ಹೀಟರು ಕೈಕೊಟ್ಟಿದೆ. ಹಳಬರಿಗೆ ಇದು ನೀರು ಕುಡಿದಷ್ಟು ಸುಲಭ. ಮಾಲೂರು, ಮುಳಬಾಗಿಲು ಕಡೆಯಿಂದ ಹೊಸದಾಗಿ ಬಂದ ಕಾಂಟ್ರಾಕ್ಟ್ ಹುಡುಗ ಹುಡುಗಿಯರು ಮಾತ್ರ ಟ್ಯಾಬಿನ ಮುಂದೆ ನಿಂತು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಟಿಪ್ಪಣಿ ಬರೆಯುವ ಆ ಸಾಫ್ಟ್‌ವೇರಿನಲ್ಲೇ ಒಂದು ಸೌಲಭ್ಯ ಯಾರ ಕಣ್ಣಿಗೂ ಬೀಳದೆ ಮಲಗಿತ್ತು. ಅದನ್ನು ಆನ್ ಮಾಡಿದರೆ ಹಳೆಯ ಟಿಪ್ಪಣಿಗಳನ್ನೆಲ್ಲ ತಾನೇ ಜಾಲಾಡಿ, ಯಾವ ಮೊಟಕು ಮಾತಿಗೆ ಯಾವ ಪೂರ್ತಿ ಅರ್ಥ ಎಂದು ಹುಡುಕಿ, ಎರಡಕ್ಕೂ ಗಂಟು ಹಾಕುತ್ತಿತ್ತು. ಆಮೇಲೆ ಆ ಮಾತು ಎಲ್ಲಿ ಬಂದರೂ ನೀಲಿಯಾಗುತ್ತದೆ, ಬೆರಳಿಟ್ಟರೆ ಪಕ್ಕದಲ್ಲೇ ಸಣ್ಣ ಚೌಕ ತೆರೆದು ಅರ್ಥ ಕಾಣಿಸುತ್ತದೆ. ಶ್ರುತಿ ಅದನ್ನು ಆನ್ ಮಾಡಿದಳು. ವರ್ಷಗಟ್ಟಲೆಯ ಟಿಪ್ಪಣಿಗಳು ಒಂದೇ ಮಧ್ಯಾಹ್ನದಲ್ಲಿ ನೀಲಿ ನೀಲಿಯಾದವು. ಮ್ಯಾನೇಜರು ಚಂದ್ರಮೋಹನ್ ತಮ್ಮ ಜನ್ಮದಲ್ಲಿ ಯಾವ ಟಿಪ್ಪಣಿಯನ್ನೂ ಓದಿದವರಲ್ಲ, ಆದರೂ ಬಂದು ನೋಡಿ “ಭೇಷ್” ಅಂದು ಹೋದರು.

ಅಷ್ಟು ನೀಲಿಗಳಲ್ಲಿ ಹೆಚ್ಚು ಸಲ ಕಾಣುತ್ತಿದ್ದದ್ದು ‘ಎಂಕೆ’. ಮೂರನೇ ಮೆಷಿನು ಹೀ.ಕೈ., ಎಂಕೆನ ಕೇಳಿ. ಅಚ್ಚು ಅಂಟಿಕೊಂಡಿದೆ, ಎಂಕೆನ ಕೇಳಿ. ಬೆರಳಿಟ್ಟರೆ ಚೌಕದಲ್ಲಿ ಹೀಗೆ ಬರುತ್ತಿತ್ತು: ‘ಮುರಳೀಕೃಷ್ಣ, ಮೆಂಟೆನೆನ್ಸ್, ಏನೇ ಇದ್ದರೂ ಫೋನ್ ಮಾಡಿ.’ ಕೆಳಗೆ ನಂಬರು, ನಂಬರು ಒತ್ತಿದರೆ ಟ್ಯಾಬಿನಿಂದಲೇ ಕರೆ ಹೋಗುತ್ತಿತ್ತು. ಯಾರೋ ಬೇರೆ ಶಿಫ್ಟಿನವರಿರಬೇಕು, ಪಾಪ, ಒಳ್ಳೆಯವರು ಅಂದುಕೊಂಡಳು ಶ್ರುತಿ. ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸಿದ್ದರೂ ಹೇಳುತ್ತಿದ್ದರು ಅನ್ನುವ ಭರವಸೆ ನನಗಿಲ್ಲ.

ಮೊದಲು ಆ ನಂಬರು ಒತ್ತಿದವನು ಮಾಲೂರಿನ ಸುರೇಶ. ಎರಡನೇ ಶಿಫ್ಟಿಗೆ ಬಂದವನಿಗೆ ಮೂರನೇ ಮೆಷಿನಿನ ಹೀಟರು ಕಾಯದೆ ತಲೆ ತಿನ್ನುತ್ತಿತ್ತು. ಆ ಮೆಷಿನಿನ ಹಳೆಯ ಟಿಪ್ಪಣಿ ಹುಡುಕಿ ನೋಡಿದ, ಎಂಕೆನ ಒತ್ತಿದ. ಆ ಕಡೆ ಹೆಂಗಸಿನ ದನಿ.

“ಯಾರು?”

“ಕಂಪನಿಯಿಂದ ಕಣಮ್ಮ. ಎಂಕೆ ಇದಾರಾ?”

“ಅವನು ಶಿಫ್ಟಿಗೆ ಹೋಗಿದ್ದಾನೆ ಕಣಪ್ಪ. ಅಲ್ಲೇ ಎಲ್ಲೋ ಇರ್ತಾನೆ, ನೋಡು. ಏನು, ಮೆಷಿನು ಕೆಟ್ಟಿದೆಯಾ?”

ಸುರೇಶ ಲೈನಿನ ಉದ್ದಕ್ಕೂ ಹುಡುಕಿದ. ಕೊನೆಗೆ ಶಿಫ್ಟ್ ಲೀಡರು ವೇಣುವನ್ನು ಹಿಡಿದು, “ಅಣ್ಣ, ಎಂಕೆ ಎಲ್ಲಿ? ಮನೇಗ್ ಫೋನ್ ಮಾಡಿದ್ರೆ ಇಲ್ಲೇ ಇದಾರೆ ಅಂದ್ರು” ಎಂದ. ವೇಣುವಿನ ಕೈಯಲ್ಲಿದ್ದ ಸ್ಪ್ಯಾನರು ಠಣ್ಣನೆ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಸೀದಾ ಹೊರಗೆ ನಡೆದುಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ. ಫೋನು ಮಾಡಿದವರಿಗೆಲ್ಲ ಅದೇ ದನಿ, ಅದೇ ಉತ್ತರ. ಶಿಫ್ಟಲ್ಲಿದ್ದಾನೆ, ಅಲ್ಲೇ ಇರ್ತಾನೆ, ನೋಡು. ನೋಡಿದರೆ ಯಾರೂ ಇಲ್ಲ. ಹಳಬರನ್ನು ಕೇಳಿದರೆ ಬಾಯಿಗೆ ಬೀಗ. ಮುಖ ತಿರುಗಿಸಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಯಾರೂ ಏನೂ ಹೇಳದಿದ್ದರೆ ಜನ ಸುಮ್ಮನಿರುತ್ತಾರೆಯೇ? ಮುಳಬಾಗಿಲಿನ ಮಾನಸ, ಮೂರನೇ ಮೆಷಿನಿನ ಹಿಂದೆ ಟೂಲ್ ಬಾಕ್ಸು ತೆಗೆದ ಸದ್ದು ಕೇಳಿದೆ, ಹೋಗಿ ನೋಡಿದರೆ ಮುಚ್ಚಳ ಮುಚ್ಚೇ ಇತ್ತು ಅಂದಳು. ಇನ್ನೊಬ್ಬಳು, ಸಂಜೆ ದೀಪ ಹಾಕುವ ಹೊತ್ತಿಗೆ ಆ ಕೆಟ್ಟ ಹೀಟರು ತನ್ನಷ್ಟಕ್ಕೆ ತಾನೇ ಕಾಯುತ್ತೆ ಕಣೇ ಅಂದಳು. ಅದು ನಿಜವೂ ಆಗಿತ್ತು, ಅದೇ ತಮಾಷೆ. ಮೆಷಿನಿನ ಬಾಯಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗಾಡತೊಡಗಿದವು. ಹುಡುಗಿಯರು ಅತ್ತ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟರು.

ಸುದ್ದಿ ಶ್ರುತಿಯ ಕಿವಿಗೆ ಬಿದ್ದದ್ದು ಕಡೆಯಲ್ಲಿ. ಕ್ಯಾಂಟೀನಿನಲ್ಲಿ ವೇಣು ಒಬ್ಬನೇ ಕೂತಿದ್ದಾಗ ಎದುರಿಗೆ ಹೋಗಿ ಕೂತಳು. “ವೇಣು ಅವರೇ, ಈ ಎಂಕೆ ಯಾರು? ನಿಜ ಹೇಳಿ.”

ವೇಣು ಅನ್ನ ಕಲಸುವುದನ್ನು ನಿಲ್ಲಿಸಿದ. “ಮೇಡಂ, ನೀವ್ಯಾಕೆ ಅವನನ್ನ ಎಬ್ಬಿಸಿದ್ರಿ?”

ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. ಮುರಳೀಕೃಷ್ಣ ಹೋಳೂರಿನವನು, ವೇಣುವಿನ ಜೊತೆಗಾರ. ಹೋದ ವರ್ಷ ಒಂದು ದಿನ ಬುತ್ತಿ ತಗೊಂಡು ಬೈಕಿನಲ್ಲಿ ಶಿಫ್ಟಿಗೆ ಅಂತ ಮನೆ ಬಿಟ್ಟವನು ಕಾರ್ಖಾನೆ ಮುಟ್ಟಲಿಲ್ಲ. ಹೆದ್ದಾರಿಯಲ್ಲೇ ಹೋಗಿಬಿಟ್ಟ. ಓಡುವ ಮೆಷಿನಿನ ಮುಂದೆ ಸತ್ತವರ ಹೆಸರು ಎತ್ತಬಾರದು, ಇನ್ನೊಬ್ಬರ ಕೈ ತಗೊಂಡೀತು ಅನ್ನುವುದು ಆ ಲೈನಿನವರ ನಂಬಿಕೆ. ಹೆದರಿಕೆ ಅರ್ಧ, ಸಂಕಟ ಅರ್ಧ. ಅಂತೂ ಅಂದಿನಿಂದ ಒಬ್ಬರ ಬಾಯಲ್ಲೂ ಅವನ ಹೆಸರು ಬಂದಿರಲಿಲ್ಲ. ಹೊಸಬಳಿಗೆ ಗೊತ್ತಾಗುವುದಾದರೂ ಹೇಗೆ?

“ಅವನ ಫೋನ್ ಈಗ ತೆಗೆಯೋದು ಅವರಮ್ಮ, ರಾಮಲಕ್ಷ್ಮಮ್ಮ,” ಅಂದ ವೇಣು. “ಶಿಫ್ಟಲ್ಲಿದ್ದಾನೆ ಅಂತಾರಂತೆ. ಆಯಮ್ಮನಿಗೆ ತಲೆ ಕೆಟ್ಟಿರಬೇಕು. ನಂಗೆ ಆ ಮೆಷಿನು ಹತ್ರ ನಿಲ್ಲೋಕೇ ಆಗ್ತಾ ಇಲ್ಲ ಮೇಡಂ.”

ಸತ್ತವನೊಬ್ಬನನ್ನು ತಾನು ಅಷ್ಟು ಟಿಪ್ಪಣಿಗಳಲ್ಲಿ ಬೆಳಗಿಸಿ ಕೂರಿಸಿದ್ದೇನೆ, ಮಗನನ್ನು ಕಳೆದುಕೊಂಡ ತಾಯಿಗೆ ದಿನವೂ ಫೋನು ಮಾಡಿಸಿ ಮಗ ಇದ್ದಾನಾ ಅಂತ ಕೇಳಿಸುತ್ತಿದ್ದೇನೆ. ಶ್ರುತಿ ನಾಚಿಕೆಯಿಂದ ಕುಗ್ಗಿಹೋದಳು. ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತು ಎಂಕೆಯ ಚೌಕವನ್ನು ಅಳಿಸಿದಳು. ಎಲ್ಲ ಕಡೆಯೂ ನೀಲಿ ಹೋಗಿ ಕಪ್ಪಾಯಿತು. ಸದ್ಯ, ಮುಗಿಯಿತು ಅಂತ ಉಸಿರು ಬಿಟ್ಟಳು.

ಮರುದಿನ ಬಂದು ನೋಡುತ್ತಾಳೆ, ಎಂಕೆ ನೀಲಿಯಾಗಿ ಕೂತಿದ್ದಾನೆ.

ಮತ್ತೆ ಅಳಿಸಿದಳು, ಮತ್ತೆ ಬಂದ. ಕಾರಣ ಇತ್ತು, ಭೂತ ಏನೂ ಅಲ್ಲ. ಪುಣ್ಯಾತ್ಮ ತಾನು ಬರೆದ ಒಂದೊಂದು ಟಿಪ್ಪಣಿಯ ಕೆಳಗೂ ಹೆಸರು, ನಂಬರು ಬರೆದು ಏನೇ ಇದ್ದರೂ ಫೋನ್ ಮಾಡಿ ಅಂತ ಸೇರಿಸಿದ್ದ. ಒಂದು ಕಡೆ ಅಳಿಸಿದರೆ ಸಾಫ್ಟ್‌ವೇರು ಇನ್ನೊಂದು ಕಡೆಯಿಂದ ಅವನನ್ನು ಹುಡುಕಿ ತರುತ್ತಿತ್ತು. ಕಾರಣ ಗೊತ್ತಿದ್ದೂ ಶ್ರುತಿಗೆ ಮೈ ಜುಮ್ಮೆನ್ನುತ್ತಿತ್ತು. ಕಾರಣ ಗೊತ್ತಿಲ್ಲದ ಲೈನಿನಲ್ಲಂತೂ ಮಾತು ಬೇರೆಯೇ ಆಯಿತು. “ಮೇಡಂ ತೆಗೆದ್ರೂ ಬರ್ತಾನಂತೆ ಕಣೇ!”

ಆ ವಾರವೇ ಸುರೇಶನ ಕೈ ಸುಟ್ಟಿತು. ಹೀಟರು ಕೆಟ್ಟಾಗ ವೇಣುವನ್ನು ಕರೆಯಬೇಕಿತ್ತು. ಆದರೆ ಫೋನಿನಲ್ಲಿ ಆ ತಾಯಿ, “ಬರ್ತಾನೆ ಇರಪ್ಪ, ಅಲ್ಲೇ ಇದ್ದಾನೆ” ಅಂದಿದ್ದಳು. ಅವಳ ಮಾತಿಗೆ ಮರುಳಾದನೋ, ಹೆದರಿ ಕಂಗೆಟ್ಟನೋ, ಅವನಿಗೇ ಗೊತ್ತಿಲ್ಲ. ಮೆಷಿನಿನ ಬಾಗಿಲು ತೆರೆದಿಟ್ಟುಕೊಂಡು ಕಾದು ನಿಂತ, ಹಿಂದೆ ಏನೋ ಸದ್ದಾಯಿತೆಂದು ತಿರುಗುವಾಗ ಕೈ ಒಳಗಿನ ಕಾದ ಭಾಗಕ್ಕೆ ತಗುಲಿತು. ದೊಡ್ಡ ಗಾಯವೇನಲ್ಲ. ಆದರೂ ಅಂಗೈ ಸುಲಿದು ಹೋಗಿತ್ತು.

ಚಂದ್ರಮೋಹನ್ ಶ್ರುತಿಯನ್ನು ಕರೆಸಿದರು. ಈ ಸಲ ಭೇಷ್ ಇರಲಿಲ್ಲ. “ನೋಡೀಮ್ಮ, ಈವತ್ತು ಕೈ, ನಾಳೆ ಜೀವ. ಸೋಮವಾರ ಮೊದಲನೇ ಶಿಫ್ಟು ಶುರುವಾಗೋ ಹೊತ್ಗೆ ಆ ಹೆಸರು ಎಲ್ಲೂ ಕಾಣಬಾರದು. ನೀವೇ ಮಾಡಿದ್ದು, ನೀವೇ ತೆಗೀರಿ.”

ತೆಗೆಯುವ ದಾರಿಯನ್ನೂ ಶ್ರುತಿ ಕಂಡುಕೊಂಡಿದ್ದಳು. ‘ಈ ಪದವನ್ನು ಇನ್ನೆಂದೂ ಜೋಡಿಸಬೇಡ’ ಎಂದು ಒಂದು ಆಯ್ಕೆ ಇತ್ತು. ಒತ್ತಿದರೆ ಮುಗಿಯಿತು, ಮತ್ತೆ ಬರುವ ಮಾತಿಲ್ಲ. ಬೆರಳು ಅದರ ಮೇಲಿಟ್ಟಳು. ಒತ್ತಲಾಗಲಿಲ್ಲ. ಅಷ್ಟು ದಿನ ಮಾತನಾಡಿದ ಆ ಹೆಂಗಸಿಗೆ ಒಂದು ಮಾತೂ ಹೇಳದೆ ಫೋನನ್ನು ಸುಮ್ಮನಾಗಿಸಿಬಿಡುವುದೇ? ಮೊದಲು ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು ಅನ್ನಿಸಿತು. ಭಾನುವಾರ ಬೆಳಿಗ್ಗೆ ಹೋಳೂರಿನ ಬಸ್ಸು ಹತ್ತಿದಳು.

ಮನೆ ತುಂಬ ಜನ, ತುಂಬ ಕೆಲಸ. ರೇಷ್ಮೆಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿತ್ತು, ಇನ್ನು ಹೊಟ್ಟೆಬಾಕತನ ಕೇಳಬೇಡಿ, ಸೊಪ್ಪು ತಂದಷ್ಟೂ ಸಾಲದು. ಹಿರಿಯ ಮಗ ತೋಟದಿಂದ ಹಿಪ್ಪುನೇರಳೆ ಹೊರೆ ತಂದು ಹಾಕುತ್ತಿದ್ದ. ಅವನ ಹೆಂಡತಿ ದಿವ್ಯ ಶ್ರುತಿಯನ್ನು ಪಡಸಾಲೆಯಲ್ಲಿ ಕೂರಿಸಿ, ಅವಳು ಬಂದ ಕಾರಣ ಕೇಳಿದ್ದೇ ತಡ, ಎದ್ದು ಬಾಗಿಲು ಮುಂದಕ್ಕೆ ತಳ್ಳಿದಳು.

“ಮೆತ್ತಗೆ ಮಾತಾಡಿ ಮೇಡಂ. ಈ ಮನೇಲಿ ನಮ್ಮ ಮೈದುನನ ಹೆಸರು ಯಾರೂ ಎತ್ತಲ್ಲ. ಮೊದಮೊದಲು ಹೆಸರು ಕೇಳಿದ್ರೆ ಸಾಕು, ಅತ್ತೆ ಅತ್ತು ಅತ್ತು ಪ್ರಜ್ಞೆ ತಪ್ಪೋರು. ಅದಕ್ಕೇ ನಾವೆಲ್ಲ ಮಾತಾಡ್ಕೊಂಡು ಬಿಟ್ಬಿಟ್ವಿ. ಫೋಟೋನೂ ಒಳಗಿಟ್ವಿ. ಊರವರಿಗೂ ಹೇಳಿದೀವಿ. ಅವನು ಹೋದ ಅನ್ನೋ ಮಾತು ಅವರ ಬಾಯಲ್ಲಿ ಒಂದು ದಿನಾನೂ ಬಂದಿಲ್ಲ. ಈಗ ನಿಮ್ಮ ಫೋನು ಶುರುವಾದಾಗಿಂದ ಶಿಫ್ಟಲ್ಲಿದ್ದಾನೆ, ಶಿಫ್ಟಲ್ಲಿದ್ದಾನೆ ಅಂತಾರೆ. ನಂಗೆ ಭಯ ಆಗ್ತದೆ. ಬೇಗ ತೆಗೆದುಬಿಡಿ, ನಿಮ್ಗೆ ಪುಣ್ಯ ಬರ್ತದೆ.”

ಅಷ್ಟರಲ್ಲಿ ಹುಳುಮನೆಯಿಂದ ಕೂಗು ಬಂತು. “ಯಾರೇ ದಿವ್ಯಾ, ಬಂದಿರೋದು?”

ಶ್ರುತಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋದಳು. ರಾಮಲಕ್ಷ್ಮಮ್ಮ ತಟ್ಟೆಗಳ ನಡುವೆ ನಿಂತು ಸೊಪ್ಪು ಹರಡುತ್ತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಸೆರಗು ಬಿಗಿದು ಕಟ್ಟಿದ್ದರು, ಸೊಂಟದಲ್ಲಿ ಫೋನು ಸಿಕ್ಕಿಸಿಕೊಂಡಿದ್ದರು. ತಲೆ ಕೆಟ್ಟವರ ಲಕ್ಷಣ ಒಂದೂ ಕಾಣಲಿಲ್ಲ.

“ಶ್ರೀನಿವಾಸಪುರದವಳಮ್ಮ ನಾನು. ಕಂಪನಿಯಲ್ಲಿ ಕೆಲಸ.”

“ಅಟ್ಲನಾ ತಲ್ಲೀ!” ಹೌದೇನಮ್ಮಾ ಎಂದು ಅವರು ತೆಲುಗಿನಲ್ಲೇ ಕೇಳಿ ನಕ್ಕರು. “ನಮ್ಮ ತೌರು ಅಲ್ಲೇ ಹತ್ರ. ಬಾ, ಈ ತಟ್ಟೆ ಹಿಡ್ಕೋ.”

ತಟ್ಟೆ ಹಿಡಿದುಕೊಂಡೇ ಶ್ರುತಿ ಎಲ್ಲವನ್ನೂ ಹೇಳಿದಳು. ತಾನು ಆನ್ ಮಾಡಿದ್ದು, ಗೊತ್ತಿಲ್ಲದೆ ಆದದ್ದು, ಹುಡುಗನೊಬ್ಬನ ಕೈ ಸುಟ್ಟಿದ್ದು, ನಾಳೆ ಆ ನಂಬರು ತೆಗೆಯಲೇಬೇಕಾದದ್ದು. ರಾಮಲಕ್ಷ್ಮಮ್ಮ ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ.

“ಕೈ ಸುಟ್ಟಿತಾ?” ಅಂದರು. “ಯಾರದಮ್ಮ?”

“ಸುರೇಶ ಅಂತ. ಎಂಕೆ ಬರ್ತಾರೆ ಅಂತ ಕಾಯ್ತಾ ಇದ್ದನಂತೆ.”

“ಅಯ್ಯೋ ಶಿವನೇ.” ಅವರ ಕೈ ಈಗ ನಿಂತಿತು. “ನಾನು ಅಷ್ಟು ಯೋಚ್ನೆ ಮಾಡ್ಲಿಲ್ಲ ಕಣಮ್ಮ. ಆ ಮಗೂಗೆ ಏನಾದ್ರೂ ಆಗಿದ್ದಿದ್ರೆ ಅವರಮ್ಮನಿಗೆ ನಾನು ಯಾವ ಮುಖ ತೋರಿಸ್ತಿದ್ದೆ?”

ಹೊರಗೆ ದಿವ್ಯ ಬಾಗಿಲ ಹತ್ತಿರ ನಿಂತಿರಬೇಕು, ಬಳೆ ಸದ್ದು ಕೇಳಿಸುತ್ತಿತ್ತು. ರಾಮಲಕ್ಷ್ಮಮ್ಮ ದನಿ ತಗ್ಗಿಸಿದರು.

“ನಂಗೆ ಹುಚ್ಚು ಅಂದ್ಕೊಂಡಿದ್ದಾರೆ ಇವರೆಲ್ಲ. ಅಂದ್ಕೊಳ್ಳಲಿ ಬಿಡು. ನೀನೇ ಹೇಳು, ನನ್ನ ಮಗ ಅವತ್ತು ಮನೆಯಿಂದ ಹೊರಟಿದ್ದು ಶಿಫ್ಟಿಗೇ ತಾನೆ? ಶಿಫ್ಟಿಗೆ ಹೋಗ್ಬರ್ತೀನಮ್ಮ ಅಂದ. ನಾನು ಹೇಳಿದ್ರಲ್ಲಿ ಸುಳ್ಳೇನಿದೆ?”

“ಇಲ್ಲಮ್ಮ.”

“ಒಂದು ವರ್ಷ ಆಯ್ತು. ಒಬ್ಬರು, ಒಬ್ಬರಾದ್ರೂ ಅವನ ಹೆಸರು ಎತ್ತಿದ್ರಾ? ಮಗ ಎತ್ತಲ್ಲ, ಸೊಸೆ ಎತ್ತಲ್ಲ. ನಾನು ಬಾವಿ ಕಟ್ಟೆಗೆ ಹೋದ್ರೆ ಮಾತು ನಿಲ್ಲಿಸ್ತಾರೆ. ನಾನು ಅಳ್ತೀನಿ ಅಂತ. ಅತ್ರೆ ಏನಾಗೋದು? ನಾನು ಅಳ್ಬಾರದಾ? ಅವನು ಹುಟ್ಟೇ ಇರ್ಲಿಲ್ಲ ಅನ್ನೋ ಹಾಗೆ ಮಾಡ್ಬಿಟ್ರು. ಒಂದಿನ ಫೋನ್ ಬಂತು. ಯಾವನೋ ಹುಡುಗ, ಎಂಕೆ ಇದಾರಾ ಅಂದ. ನಂಗೆ ಹೋದ ಜೀವ ಬಂದಂಗಾಯ್ತು. ನನ್ನ ಮಗನ್ನ ಕೇಳ್ತಾ ಇದಾರೆ! ನನ್ನ ಮಗ ಬೇಕಂತೆ!”

ಸೆರಗಿನಿಂದ ಮೂಗು ಒರೆಸಿಕೊಂಡು, ಮತ್ತೆ ಶ್ರುತಿಯ ಮುಖ ನೋಡಿದರು. “ಇಲ್ಲ ಅಂತ ಹೇಳಿದ್ರೆ, ಮತ್ತೆ ಯಾರಾದ್ರೂ ಫೋನ್ ಮಾಡ್ತಾರಾ ತಾಯಿ? ಅಯ್ಯೋ ಪಾಪ ಅಂತ ಇಡ್ತಾರೆ. ಅಲ್ಲಿಗೆ ಮುಗೀತು. ಶಿಫ್ಟಲ್ಲಿದ್ದಾನೆ ಅಂದ್ರೆ ನಾಳೆ ಇನ್ನೊಂದ್ಸಲ ಮಾಡ್ತಾರೆ.”

ಕಾರ್ಖಾನೆಯಲ್ಲಿ ತಾವೆಲ್ಲ ಹೆದರಿ ನಿಂಬೆಹಣ್ಣು ಕಟ್ಟಿದ್ದು ಇದಕ್ಕೆ! ಮಗನ ಹೆಸರನ್ನು ಇನ್ನೊಂದು ಸಲ ಕೇಳಬೇಕೆಂದು ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಒಬ್ಬ ತಾಯಿಗೆ. ಶ್ರುತಿಗೆ ಅಳು ಬಂತು, ಆ ಮನೆಯವರ ಮೇಲೆ ಸಿಟ್ಟೂ ಬಂತು. ಆದರೆ ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ಒಳ್ಳೆಯದಕ್ಕೇ ಬಾಯಿ ಮುಚ್ಚಿಕೊಂಡವರು.

“ತೆಗಿ ಕಣಮ್ಮ,” ಅಂದರು ರಾಮಲಕ್ಷ್ಮಮ್ಮ ತಾವಾಗಿಯೇ. “ಇನ್ನೊಬ್ಬರ ಮಗನ ಕೈ ಸುಡೋದು ಬೇಡ. ನಾಳೆ ಅಲ್ಲ, ಇವತ್ತೇ ತೆಗಿ.” ಹೇಳಿ, ಆ ಕಡೆ ತಿರುಗಿ ಇನ್ನೊಂದು ತಟ್ಟೆ ಎಳೆದುಕೊಂಡರು. ಅವರ ಭುಜ ಅಲುಗುವುದು ಹಿಂದಿನಿಂದ ಕಾಣುತ್ತಿತ್ತು. ಶ್ರುತಿ ಸ್ವಲ್ಪ ಹೊತ್ತು ಸೊಪ್ಪು ಹರಡಿ ಹೊರಟಳು.

ಬಸ್ಸಿನಲ್ಲಿ ಅವಳಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಕೋಲಾರದಲ್ಲಿ ಇಳಿದವಳು ಶ್ರೀನಿವಾಸಪುರದ ಬಸ್ಸು ಹತ್ತದೆ ಮತ್ತೆ ನರಸಾಪುರಕ್ಕೆ ಹೋದಳು. ಭಾನುವಾರದ ಕಾರ್ಖಾನೆ ಬಿಕೋ ಅನ್ನುತ್ತಿತ್ತು. ಒಂದೇ ಲೈನು ಓಡುತ್ತಿತ್ತು, ಅದೂ ಆ ತುದಿಯಲ್ಲಿ. ಆಫೀಸಿಗೆ ಹೋಗಲು ಮೂರನೇ ಮೆಷಿನು ದಾಟಬೇಕು. ನಿಂಬೆಹಣ್ಣುಗಳು ಒಣಗಿ ಸುಕ್ಕಾಗಿದ್ದವು. ಒಳಗೆ ಹೀಟರು ಕಾಯುವ ಟಿಕ್ ಟಿಕ್ ಸದ್ದು ಕೇಳಿ ಅವಳ ಕಾಲು ನಿಂತಿತು. ಮೆಷಿನು ಆಫ್ ಆಗಿದೆ ಅಂತ ಬೋರ್ಡು ತೂಗುತ್ತಿತ್ತು. ಆದರೂ ಓಡಲಿಲ್ಲ. ಅಲ್ಲೇ ನಿಂತು, ಆ ಲೈನಿನವರು ಒಂದು ವರ್ಷದಿಂದ ಮಾಡದ ಕೆಲಸ ಮಾಡಿದಳು. ಮೆಷಿನಿನ ಮುಂದೆ ಗಟ್ಟಿಯಾಗಿ, “ಮುರಳೀಕೃಷ್ಣ” ಅಂದಳು. ಇನ್ನೇನೂ ಆಗಲಿಲ್ಲ. ಟಿಕ್ ಟಿಕ್ ಸ್ವಲ್ಪ ಹೊತ್ತು ಕೇಳಿಸಿ ನಿಂತಿತು.

ಕಂಪ್ಯೂಟರು ತೆರೆದಳು. ಎಂಕೆ, ಎಂಕೆ, ಎಂಕೆ. ಪುಟದ ತುಂಬ ನೀಲಿ. ಇನ್ನೆಂದೂ ಜೋಡಿಸಬೇಡ ಅನ್ನುವುದನ್ನು ಒತ್ತಿದಳು. ಒಂದೊಂದೇ ಟಿಪ್ಪಣಿಯಲ್ಲಿ ಅವನು ಕಪ್ಪಾಗುತ್ತ ಹೋದ, ಬೇರೆ ಅಕ್ಷರಗಳ ನಡುವೆ ಸೇರಿಹೋದ. ಕೊನೆಯದೂ ಕಪ್ಪಾಗುವ ಮುಂಚೆ ನಂಬರನ್ನು ತನ್ನ ಫೋನಿಗೆ ಇಳಿಸಿಕೊಂಡಿದ್ದಳು.

ಸೋಮವಾರ ಆ ನಂಬರಿಗೆ ಕಾರ್ಖಾನೆಯಿಂದ ಒಂದು ಕರೆಯೂ ಹೋಗಲಿಲ್ಲ. ವೇಣು ನಿಂಬೆಹಣ್ಣುಗಳನ್ನು ಕಿತ್ತು ಹಾಕಿದ. ಮಂಗಳವಾರವೂ ಇಲ್ಲ. ಹುಡುಗಿಯರು ಮತ್ತೆ ಒಬ್ಬೊಬ್ಬರೇ ಓಡಾಡತೊಡಗಿದರು. ಎಲ್ಲರ ಮುಖದಲ್ಲೂ ನೆಮ್ಮದಿ, ಶ್ರುತಿಯೊಬ್ಬಳಿಗೆ ಅನ್ನ ಸೇರಲಿಲ್ಲ. ಸದ್ದಿಲ್ಲದ ಆ ಫೋನು ಸೊಂಟದಲ್ಲಿರುವುದು ಕಣ್ಣಿಗೆ ಕಟ್ಟಿದಂತಿತ್ತು. ಊಟದ ಬಿಡುವಿನಲ್ಲಿ ಹೊರಗೆ ಬಂದು, ಬಸ್ಸುಗಳು ನಿಲ್ಲುವ ಕಡೆ ನೆರಳಿನಲ್ಲಿ ನಿಂತು ಫೋನು ಮಾಡಿದಳು. ಒಂದೇ ರಿಂಗಿಗೆ ಎತ್ತಿದರು.

“ಯಾರು?”

“ನಾನಮ್ಮ, ಶ್ರುತಿ.” ಮುಂದಿನ ಮಾತು ಹೇಗೋ ತಾನಾಗಿ ಬಂತು. “ಮುರಳೀಕೃಷ್ಣ ಇದಾರಾ?”

ಆ ಕಡೆ ದೂರದಲ್ಲಿ ದಿವ್ಯ ಯಾರನ್ನೋ ಕರೆಯುವುದು ಕೇಳಿಸಿತು. ತಪ್ಪು ಮಾಡಿದೆನೇನೋ, ಕೇಳಬಾರದಿತ್ತೇನೋ ಅಂದುಕೊಂಡಳು ಶ್ರುತಿ.

“ಇಲ್ಲ ಕಣಮ್ಮ,” ಅಂದರು ರಾಮಲಕ್ಷ್ಮಮ್ಮ. ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. “ಅವನು ಇಲ್ಲ. ನನ್ನ ಮಗ ತೀರ್ಕೊಂಡ. ಹೋದ ವರ್ಷ.”

ಹೇಳಿ, ಬಾಯಿ ಬಿಟ್ಟು ಅಳತೊಡಗಿದರು. ಶ್ರುತಿ ಫೋನು ಇಡಲಿಲ್ಲ.